ಅಮಾಸಿ ದಿನವೂ ಕೆಮ್ಮಿದವರು

ಆಗಿನ ನಮ್ಮ ಬ್ಯಾಡಗಿಯಲ್ಲಿ ಕೆಮ್ಮಿದವರನ್ನು ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಗಡಿಯಾರವಿಲ್ಲದ ಮನೆ ಸಿಕ್ಕೀತು, ಕೆಮ್ಮಿಲ್ಲದ ಮನೆ ಸಿಗುತ್ತಿರಲಿಲ್ಲ. ಸುಗ್ಗಿಯ ದಿನಗಳಲ್ಲಿ ರೈಲು ಇಳಿದವರು ಸ್ಟೇಷನ್ನಿನಲ್ಲೇ ಸೀನಲು ಶುರು ಮಾಡುತ್ತಿದ್ದರು. ಓಣಿಯ ಹುಡುಗಿಯರು ಕಟ್ಟೆಯ ಮೇಲೆ ಕೂತು ಎಣಿಸುತ್ತಿದ್ದೆವು. ಐದು ದಾಟಿದರೆ ದೂರದ ಊರಿನವರು, ಎರಡಕ್ಕೆ ನಿಂತರೆ ಹಾವೇರಿ ಕಡೆಯವರು, ಸೀನದೆ ಮೂಗು ಒರೆಸಿಕೊಂಡು ನಡೆದುಬಿಟ್ಟರೆ ನಮ್ಮೂರಿನವರೇ. ಇದನ್ನು ಓದುತ್ತಿರುವ ಯಾರಾದರೂ ಆ ಕಾಲದಲ್ಲಿ ಅಲ್ಲಿ ಇಳಿದಿದ್ದರೆ ನಿಮ್ಮ ಸೀನನ್ನೂ ನಾನು ಎಣಿಸಿರಬಹುದು, ಬೇಜಾರು ಮಾಡಿಕೊಳ್ಳಬೇಡಿ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನಾನು ಐದನೇ ಇಯತ್ತೆಯಲ್ಲಿದ್ದೆ. ನಮ್ಮ ಮನೆ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ. ಅಪ್ಪ ಹಮಾಲ. ಅವ್ವ, ಅಂದರೆ ಗಂಗವ್ವ, ಯಾರ್ಡಿನ ದಲಾಲರ ಅಡತಿ ಅಂಗಡಿಯೊಂದರ ಮುಂದೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಸಾಲಿನಲ್ಲಿ ಕೂರುತ್ತಿದ್ದಳು. ಅವಳ ಪಕ್ಕದ ಜಾಗ ಮಾಬವ್ವನದು. ಮಾಬೂಬಿ ಅವಳ ಹೆಸರು, ನನ್ನ ಬಾಯಿಗೆ ಮಾಬವ್ವ. ಅವಳ ಗಂಡ ಇಮಾಮಸಾಬ್ ಕಾಕಾ ಅಪ್ಪನ ಜೊತೆಗೇ ಚೀಲ ಹೊರುತ್ತಿದ್ದ. ನಮ್ಮೆರಡೂ ಮನೆಗಳ ನಡುವೆ ಒಂದೇ ಗೋಡೆ. ಅವರಿಗೆ ಮಕ್ಕಳಿಲ್ಲ ಎಂದು ಓಣಿಯವರು ಮರುಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ನಾನಿದ್ದೆನಲ್ಲ!

ಸಾಲಿ ಬಿಟ್ಟ ಕೂಡಲೇ ಪಾಟೀಚೀಲ ಎಸೆದು ಯಾರ್ಡಿಗೆ ಓಡುತ್ತಿದ್ದೆ. ಎಲ್ಲಿ ನೋಡಿದರೂ ಕೆಂಪು ರಾಶಿ. ಬಿಸಿಲಿಗೆ ಕಾದ ಕಾಯಿಯಿಂದ ಏಳುವ ಆ ವಾಸನೆಯಲ್ಲಿ ಖಾರಕ್ಕಿಂತ ಹೆಚ್ಚಾಗಿ ಒಂದು ಸಿಹಿಯಿತ್ತು. ಹೊರಗಿನವರಿಗೆ ಅದು ತಿಳಿಯುವುದಿಲ್ಲ, ಅವರು ಸೀನುವುದರಲ್ಲೇ ಮುಗಿದುಹೋಗುತ್ತಾರೆ. ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು, ಕೈ ಆಡಿಸುತ್ತ, ಊರಿನ ಅಷ್ಟೂ ಸುದ್ದಿಯನ್ನು ತೊಟ್ಟು ಮುರಿದ ಹಾಗೆ ಮುರಿದು ಹಾಕುತ್ತಿದ್ದರು. ಮಾಬವ್ವ ತನ್ನ ಗಂಟಿನಿಂದ ನನಗೆಂದೇ ಉಳಿಸಿದ ರೊಟ್ಟಿ ಬೆಲ್ಲ ತೆಗೆದುಕೊಡುತ್ತಿದ್ದಳು. ಕೊಡುವ ಮೊದಲು ಕೈಯನ್ನು ಮಜ್ಜಿಗೆಯಲ್ಲಿ ತೊಳೆಯುತ್ತಿದ್ದಳು, ನನ್ನ ಬಾಯಿ ಉರಿದೀತು ಅಂತ. ಅವ್ವ ಹಾಗೆಲ್ಲ ಮಾಡುವವಳಲ್ಲ. ಅವ್ವನ ಬಾಯಿ ಜೋರು, ಕೈ ಅದಕ್ಕಿಂತ ಜೋರು.

"ಅಕಿನ್ನ ಹಂಗ ಅಚ್ಛಾ ಮಾಡಬ್ಯಾಡ ಮಾಬೂ, ತೆಲಿ ಮ್ಯಾಲೆ ಕುಂದರತಾಳ" ಎಂದು ಅವ್ವ ಬಯ್ಯುತ್ತಿದ್ದಳು.

"ಕುಂದರಲಿ ಬಿಡ. ನಿನ್ನ ತೆಲಿ ಅಲ್ಲಲ್ಲ, ನನ್ನ ತೆಲಿ" ಎಂದು ಮಾಬವ್ವ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಮಾತಿನ ನಡುವೆ ಇಬ್ಬರೂ ಕೆಮ್ಮುತ್ತಿದ್ದರು. ಅದನ್ನು ನಾನು ಕೆಮ್ಮೆಂದು ಕೇಳಿಸಿಕೊಂಡೇ ಇರಲಿಲ್ಲ.

ಆ ವರ್ಷದ ಸುಗ್ಗಿಯಲ್ಲಿ ಯಾವುದೋ ಸಂಸ್ಥೆಯವರು ಬಂದರು. ಯಾರ್ಡಿನ ಹಿಂದೆ ಖಾಲಿ ಬಿದ್ದಿದ್ದ ಒಂದು ಗೋದಾಮಿಗೆ ಸುಣ್ಣ ಬಳಿದು ದವಾಖಾನೆ ಮಾಡಿದರು. ಎಷ್ಟು ಸುಣ್ಣ ಬಳಿದರೇನು, ವರ್ಷಗಟ್ಟಲೆ ಚೀಲ ಒಟ್ಟಿದ್ದ ಗೋಡೆ! ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರು ರೋಗಿಗಳಿಗಿಂತ ಹೆಚ್ಚು ಸೀನುತ್ತಿದ್ದರು. ದಿನಾ ಇರುತ್ತಿದ್ದವಳು ಸುಮಿತ್ರಕ್ಕ. ಶಿವಮೊಗ್ಗ ಕಡೆಯವಳು, ಮೂವತ್ತರ ಒಳಗಿನವಳು, ಹೆಂಗಸರ ಸೈಕಲ್ಲಿನ ಮೇಲೆ ಓಡಾಡುತ್ತಿದ್ದಳು. ಅವಳ ಚೀಲದ ತುಂಬ ಮುಚ್ಚಳದ ಸಣ್ಣ ಸಣ್ಣ ಡಬ್ಬಿಗಳು.

"ಕೆಮ್ಮು ಎಷ್ಟು ದಿನದಿಂದ ಇದೆಯಮ್ಮಾ?" ಎಂದು ಅವಳು ಕೇಳಿದರೆ ಸಾಲಿಗೆ ಸಾಲೇ ನಗುತ್ತಿತ್ತು.

"ಹುಟ್ಟಿದಾಗಿಂದ್ರಿ!" ಎಂದಳು ಅವ್ವ. "ಇದು ಕೆಮ್ಮ ಅಲ್ರಿ ಅಕ್ಕಾರ, ಘಾಟು. ನೀವೂ ನಾಕ್ ದಿನಾ ಇಲ್ಲೆ ಕುಂದರ್ರಿ, ನಿಮಗೂ ಬರತೈತಿ."

"ಬೆಳಿಗ್ಗೆ ಎದ್ದ ತಕ್ಷಣ ಚೆನ್ನಾಗಿ ಕೆಮ್ಮಿ, ಈ ಡಬ್ಬಿಯಲ್ಲಿ ಕಫ ಹಾಕಿ ತಂದುಕೊಡಿ. ಪರೀಕ್ಷೆ ಮಾಡ್ತೀವಿ."

"ಉಗುಳಾಕೂ ಡಬ್ಬಿ ಬೇಕೇನ್ರೀ? ಇಷ್ಟ ದೊಡ್ಡ ಊರ ಬಿದ್ದೈತಿ!"

ಡಬ್ಬಿಗಳನ್ನು ಮಾತ್ರ ಎಲ್ಲರೂ ಇಸಿದುಕೊಂಡರು. ಒಬ್ಬಾಕೆ ತಂಬಾಕು ತುಂಬಿಕೊಂಡಳು, ಇನ್ನೊಬ್ಬಾಕೆ ಸುಣ್ಣ. ಸುಮಿತ್ರಕ್ಕನಿಗೆ ಡಬ್ಬಿ ಅಕ್ಕ ಎಂದು ಹೆಸರು ಬಿತ್ತು. ನಾವು ಹುಡುಗಿಯರು ಕುಂಟಲಿಪಿ ಬಿಟ್ಟು ಡಬ್ಬಿ ಅಕ್ಕನ ಆಟ ಹೂಡಿದೆವು. ಒಬ್ಬಳು ಅಕ್ಕ, ಉಳಿದವರು ರೋಗಿಗಳು, ಕಡ್ಡಿಪೆಟ್ಟಿಗೆಯೊಳಗೆ ಉಗುಳುವುದು. "ಇದೆಯಮ್ಮಾ, ಇದೆಯಮ್ಮಾ" ಎಂದು ಅವಳ ಸೈಕಲ್ಲಿನ ಹಿಂದೆ ಓಡುತ್ತಿದ್ದೆವು. ಪಾಪ, ಅವಳು ಒಂದು ದಿನವೂ ತಿರುಗಿ ಬಯ್ಯಲಿಲ್ಲ.

ಹದಿನೈದು ದಿನವಾದರೂ ಒಂದು ಡಬ್ಬಿಯೂ ತಿರುಗಿ ಬರಲಿಲ್ಲ. ಕೊನೆಗೆ ಇಮಾಮಸಾಬ್ ಕಾಕಾನೇ ಕನಿಕರಪಟ್ಟು ಹೇಳಿದ.

"ಅಕ್ಕಾರ, ಸುಮ್ನ ಯಾಕ ಬಿಸಲಾಗ ತಿರಗತೀರಿ? ಅಮಾಸಿ ದಿನಾ ಬಂದ್ ನೋಡ್ರಿ. ಯಾರ್ಡ್ ಬಂದ್ ಇರತೈತಿ, ಘಾಟು ಇರಂಗಿಲ್ಲ. ನಮ್ಮ ಓಣ್ಯಾಗ ಒಂದ ಕೆಮ್ಮ ಕೇಳಿದ್ರ ನನ್ನ ಮೀಸಿ ಬೋಳಸ್ತೇನಿ."

ಅವನು ಹೇಳಿದ್ದು ಅವಳನ್ನು ಸಾಗಹಾಕಲು. ಸುಮಿತ್ರಕ್ಕ ಮಾತ್ರ ಸೈಕಲ್ ನಿಲ್ಲಿಸಿ, ಕಾಕಾನ ಮುಖವನ್ನೇ ನೋಡಿದಳು. "ಹೌದಲ್ಲಾ" ಎಂದಳು.

ಶಿವರಾತ್ರಿಯ ಮರುದಿನ ಅಮಾಸಿ. ಯಾರ್ಡು ಎರಡು ದಿನ ಬಂದ್. ಉಪವಾಸ ಮುರಿಯಲು ಮನೆಮನೆಯಲ್ಲೂ ಹೋಳಿಗೆಯ ಹೂರಣ ರುಬ್ಬುತ್ತಿದ್ದರು. ಸುಮಿತ್ರಕ್ಕ ಮುಂಜಾನೆಯೇ ಬಂದು ನಮ್ಮ ಕಟ್ಟೆಯ ಮೇಲೆ ಕೂತಳು. ಚೀಲವಿಲ್ಲ, ಡಬ್ಬಿಯಿಲ್ಲ, ಪುಸ್ತಕವೂ ಇಲ್ಲ. ಅವ್ವ ಹೋಳಿಗೆ ಕೊಟ್ಟಳು, ಉಂಡಳು. ಮಾಬವ್ವ ಚಾ ಕೊಟ್ಟಳು, ಕುಡಿದಳು. ಓಣಿ ಎಂದೂ ಇಲ್ಲದಷ್ಟು ತಣ್ಣಗಿತ್ತು. ಮೆಣಸಿನಕಾಯಿ ಮುಟ್ಟದೆ ಎರಡು ದಿನವಾಗಿತ್ತು. ಆ ಓಣಿಯಲ್ಲಿ ಎರಡೇ ಮನೆಯಿಂದ ಕೆಮ್ಮು ಕೇಳುತ್ತಿತ್ತು. ಒಳಗೆ ಅವ್ವ ಕೆಮ್ಮಿದರೆ ಗೋಡೆಯ ಆಚೆ ಮಾಬವ್ವ ಕೆಮ್ಮುತ್ತಿದ್ದಳು. ಮೊದಲ ಸಲ ನನಗೂ ಅದು ಕೇಳಿಸಿತು. ಇಮಾಮಸಾಬ್ ಕಾಕಾ ಬಾಗಿಲಲ್ಲಿ ನಿಂತಿದ್ದ. ಅವನ ಮೀಸೆಯ ಮಾತನ್ನು ಯಾರೂ ಎತ್ತಲಿಲ್ಲ.

ಮರುದಿನ ಮುಂಜಾನೆ ಇಬ್ಬರೂ ಡಬ್ಬಿಯಲ್ಲಿ ಕಫ ಕೊಟ್ಟರು. ಪರೀಕ್ಷೆಗೆ ಹಾವೇರಿಗೆ ಹೋಗಿ ಬಾ ಎಂದಿದ್ದರೆ ಇಬ್ಬರೂ ಹೋಗುತ್ತಿರಲಿಲ್ಲ. ಒಂದು ದಿನದ ಕೂಲಿ ಯಾರು ಬಿಡುತ್ತಾರೆ? ಎರಡು ದಿನ ಬಿಟ್ಟು ಸುಮಿತ್ರಕ್ಕ ಕರೆದಳು. ಗೋದಾಮಿನ ಒಳಗೆ ಅವ್ವನಿಗೂ ಮಾಬವ್ವನಿಗೂ ಏನೋ ಮೆಲ್ಲಗೆ ಹೇಳುತ್ತಿದ್ದಳು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ನನ್ನ ಕಣ್ಣಿದ್ದದ್ದು ಮೇಜಿನ ಮೇಲಿನ ಯಂತ್ರದ ಮೇಲೆ.

"ನೋಡ್ತೀಯಾ ಪುಟ್ಟಿ?" ಎಂದು ಅಕ್ಕ ನನ್ನನ್ನು ಸ್ಟೂಲಿನ ಮೇಲೆ ಹತ್ತಿಸಿದಳು. ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದೆ. ನೀಲಿ ನೆಲ, ಅದರ ಮೇಲೆ ಅಲ್ಲಲ್ಲಿ ಕೆಂಪು ಚೂರುಗಳು, ಸಣ್ಣಗೆ, ತುಸು ಬಾಗಿ.

"ಯವ್ವಾ! ಮೆಣಸಿನಕಾಯಿ!"

ಅಕ್ಕ ನಕ್ಕಳು. "ಮೆಣಸಿನಕಾಯಿ ಅಲ್ಲ, ರೋಗದ ಹುಳ. ಕಣ್ಣಿಗೆ ಕಾಣಲಿ ಅಂತ ನಾವೇ ಬಣ್ಣ ಹಾಕಿದ್ದು" ಎಂದಳು. ಹೇಳಿದ್ದು ಕೇಳಿಸಿತು. ಆದರೆ ಹತ್ತು ವರ್ಷದ ಹುಡುಗಿ ಓಣಿಗೆ ಓಡಿ ಬಂದು ಹೇಳುವುದು ಹುಳದ ಸುದ್ದಿಯನ್ನೇ? ನಮ್ಮವ್ವನ ಎದೆಯಲ್ಲಿ ಮೆಣಸಿನಕಾಯಿ ಅದಾವ, ಮಾಬವ್ವನ ಎದೆಯಲ್ಲೂ ಅದಾವ, ನಾನ ಕಣ್ಣಾರೆ ನೋಡೇನಿ. ಹಾಗಂತ ಸಾರಿಕೊಂಡು ಬಂದೆ.

ಹೆಂಗಸರೇನು ಹುಚ್ಚರಲ್ಲ. ಮೆಣಸಿನಕಾಯಿಯ ಹಿಂದಿನ ಜಡ್ಡು ಯಾವುದೆಂದು ಅವರಿಗೆ ಗೊತ್ತಾಯಿತು. ಕ್ಷಯ ಎಂಬ ಆ ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲೂ ಅಂಜುತ್ತಿದ್ದ ಕಾಲ. ಒಂದು ದಿನ ಇವರಿಬ್ಬರೂ ಯಾರ್ಡಿಗೆ ಹೋದಾಗ ಸಾಲಿನಲ್ಲಿ ಇವರ ಜಾಗಕ್ಕೆ ಬುಟ್ಟಿಗಳನ್ನು ಇಟ್ಟಿದ್ದರು. ಮೇಸ್ತ್ರಿ ಬೇರೆಲ್ಲೋ ನೋಡುತ್ತ, ಬೇವಿನ ಗಿಡದ ಕಡೆ ಕೈ ತೋರಿಸಿದ.

"ಛಲೋ ಆತ ಬಿಡ ಗಂಗವ್ವಾ, ಇಲ್ಲಿ ನೆಳ್ಳೈತಿ" ಎಂದಳು ಮಾಬವ್ವ. ಅಷ್ಟು ಬಾಯಿ ಮಾಡುವ ಅವ್ವ, ಆ ಇಡೀ ದಿನ ಸಾಲಿನ ಕಡೆ ನೋಡುತ್ತ ತೊಟ್ಟು ಮುರಿದಳು. ಅಲ್ಲಿ ಯಾರೋ ಏನೋ ಹೇಳಿ ಎಲ್ಲರೂ ನಕ್ಕರೆ ಇವಳ ಕೈ ನಿಲ್ಲುತ್ತಿತ್ತು. ಗುಳಿಗೆ ಶುರುವಾದ ಮೇಲೆ ತಗಲುವ ಭಯ ಕಡಿಮೆಯಾಗುತ್ತ ಹೋಗುತ್ತದೆ ಎಂದು ಸುಮಿತ್ರಕ್ಕ ಸಾಲಿನ ಮುಂದೆ ಕೂತು ತಾಸುಗಟ್ಟಲೆ ಹೇಳಿದಳು. ಹೂಂ ಹೂಂ ಎಂದರು, ಬುಟ್ಟಿ ತೆಗೆಯಲಿಲ್ಲ. ಅವ್ವನಿಗೂ ಮಾಬವ್ವನಿಗೂ ಆಮೇಲೆ ಒಂದೇ ಹಂಬಲ. ಆ ಸಾಲಿನಲ್ಲಿ ತಿರುಗಿ ಕೂರಬೇಕು.

ಗುಳಿಗೆ ಶುರುವಾದ ಮರುದಿನ ಅವ್ವ ಬಚ್ಚಲಿನಿಂದ ಗಾಬರಿಯಾಗಿ ಹೊರಗೆ ಬಂದು ಗೋಡೆಗೆ ಬಾಯಿ ಹಚ್ಚಿ ಕೂಗಿದಳು.

"ಮಾಬೂ, ಕೆಂಪಗ ಹೊಂಟೈತಲ!"

"ಅಯ್ಯ, ನಂದೂ ಹಂಗ! ನಾ ನಿನಗ ಹೆಂಗ ಕೇಳಲಿ ಅಂತ ಮಾಡಿದ್ದೆ!"

ಗುಳಿಗೆಯಿಂದ ಮೂತ್ರ ಕೆಂಪಾಗುತ್ತದೆ, ಹೆದರಬೇಡಿ ಎಂದು ಅಕ್ಕ ಮೊದಲೇ ಹೇಳಿದ್ದಳು. ಆ ಗಡಿಬಿಡಿಯಲ್ಲಿ ಯಾರಿಗೆ ನೆನಪು? ಊರಿನ ಶಾಣ್ಯಾಕಿ ನಾನು, ಕಟ್ಟೆಯಿಂದಲೇ ತೀರ್ಪು ಕೊಟ್ಟೆ. "ಎದಿಯಾಗಿನ ಮೆಣಸಿನಕಾಯಿ ಕರಗಾಕತ್ತಾವ!"

ಗೋಡೆಯ ಎರಡೂ ಕಡೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ಎಷ್ಟೋ ದಿನಗಳ ಮೇಲಿನ ನಗು ಅದು. ನಗೆ ಮುಗಿಯಿತು, ಮಾತು ಉಳಿಯಿತು. ಬಣ್ಣದ ಮೇಲೆ ಬದುಕಿದ ಊರು ನಮ್ಮದು. ವ್ಯಾಪಾರಿ ಅಂಗೈ ಒದ್ದೆ ಮಾಡಿಕೊಂಡು ಕಾಯಿ ತಿಕ್ಕಿ, ಬಿಟ್ಟ ಬಣ್ಣ ನೋಡಿಯೇ ಮಾತಾಡುತ್ತಿದ್ದ. ಡಾಕ್ಟರು ನೂರು ಹೇಳಲಿ, ಕಣ್ಣಿಗೆ ಕಂಡ ಬಣ್ಣದಷ್ಟು ನಂಬುಗೆ ನಮ್ಮವರಿಗೆ ಮತ್ತೊಂದರ ಮೇಲಿರಲಿಲ್ಲ.

ಆ ಎರಡು ತಿಂಗಳು ಇಬ್ಬರೂ ಒಂದು ದಿನವೂ ಗುಳಿಗೆ ತಪ್ಪಿಸಲಿಲ್ಲ. ಬಿರುಬೇಸಿಗೆಯಲ್ಲಿ ರಂಜಾನ್ ಬಂತು. ರೋಜಾ ಬೇಡ ಎಂದು ಸುಮಿತ್ರಕ್ಕ ಕೈ ಮುಗಿದರೂ ಮಾಬವ್ವ ಕೇಳಲಿಲ್ಲ. ನಸುಕಿನಲ್ಲಿ ಉಣ್ಣುವಾಗಲೇ ಅಷ್ಟೂ ಗುಳಿಗೆ ನುಂಗಿ ದಿನವಿಡೀ ನೀರು ಮುಟ್ಟದೆ ಇರುತ್ತಿದ್ದಳು. ಅಕ್ಕನಿಗೆ ಇವಳ ಮೇಲೆ ಎಲ್ಲರಿಗಿಂತ ಹೆಚ್ಚು ಭರವಸೆ. ಕೆಮ್ಮು ನಿಂತಿತು. ಅವ್ವನ ಕೆನ್ನೆ ತುಂಬಿ ಬಂತು. ಮಾಬವ್ವನ ಕುಪ್ಪಸ ಬಿಗಿಯಾಗಿ ಹೊಲಿಗೆ ಬಿಚ್ಚಿಕೊಂಡಳು. ಹಬ್ಬ ನಾಲ್ಕು ದಿನ ಇದೆ ಎನ್ನುವಾಗ ಅಕ್ಕ ಹೊಸ ಗುಳಿಗೆ ತಂದಳು. ಅಷ್ಟರಲ್ಲಿ ಅವಳ ಮಾತೂ ನಮ್ಮದೇ ಆಗಿತ್ತು.

"ಮೊದಲಿನ ಗುಳಗಿ ಮುಗದೂವು. ಇನ್ನ ಆರ ತಿಂಗಳು ಇವು. ಆರಾಮಾತು ಅಂತ ಬಿಟ್ರ ಜಡ್ಡು ತಿರುಗಿ ಬರತೈತಿ ನೋಡ್ರಿ, ಮೊದಲಿನಕಿಂತ ಜೋರ ಆಗಿ ಬರತೈತಿ. ಬಿಡಬ್ಯಾಡ್ರಿ."

ಹೊಸ ಗುಳಿಗೆಯಲ್ಲಿ ಬಣ್ಣ ಬರಿಸುವುದು ಇರಲಿಲ್ಲ. ಹಬ್ಬದ ಹೊತ್ತಿಗೆ ಇಬ್ಬರದೂ ತಿಳಿಯಾಯಿತು.

ಹಬ್ಬದ ದಿನ ಮಾಬವ್ವ ಸುರಕುಂಬಾ ಮಾಡಿದ್ದಳು. ಹಾಲು, ಶ್ಯಾವಿಗೆ, ಖರ್ಜೂರ, ತುಪ್ಪದಲ್ಲಿ ಹುರಿದ ಗೋಡಂಬಿ. ಆ ವಾಸನೆಗೆ ಓಣಿಯ ನಾಯಿಗಳೂ ಅವಳ ಬಾಗಿಲಿಗೆ ಬಂದು ಕೂತಿದ್ದವು. ನಾನು ಎರಡನೆಯ ಬಟ್ಟಲು ನೆಕ್ಕುತ್ತಿದ್ದೆ. ಹೊಸ ಸೀರೆ ಉಟ್ಟ ಮಾಬವ್ವ ಅವ್ವನ ಹತ್ತಿರ ಸರಿದು ಕೂತಳು.

"ಗಂಗವ್ವಾ, ನಿಂದೂ ಬಣ್ಣ ಹೋತೇನ?"

"ಹೋತು. ನೀರಿನಂಗ ಆಗೈತಿ."

"ನಂದೂ ಹೋತು. ಒಳಗಿನ ಮೆಣಸಿನಕಾಯಿ ಎಲ್ಲಾ ಕರಗಿ ಖಾಲಿ ಆಗ್ಯಾವ. ಇನ್ನ ಯಾಕ ಗುಳಗಿ? ಹೊಟ್ಟಿ ತೊಳಸತಾವ."

"ಅಕ್ಕ ಬ್ಯಾರೆ ಹೇಳ್ಯಾಳಲ್ಲ."

"ಅಕಿ ಬರೂದರಿಂದನ ಇವರು ನಮ್ಮನ್ನ ಹತ್ತರ ಸೇರಸವಲ್ಲರು. ಸೈಕಲ್ ನಮ್ಮ ಬಾಗಲಾಗ ನಿಂತಿರೂತನಾ ನಾವು ಜಡ್ಡಿನವರ."

ಅವ್ವ ತನ್ನ ಬಟ್ಟಲನ್ನು ಕೆಳಗಿಟ್ಟಳು. ಆಮೇಲೆ "ಖರೇ ಐತಿ" ಎಂದಳು. ಈ ತೀರ್ಮಾನಕ್ಕೆ ಸಾಕ್ಷಿ ನಾನೊಬ್ಬಳು, ಬಟ್ಟಲು ನೆಕ್ಕುತ್ತಿದ್ದವಳು. ಕರಗಿದ ಮೆಣಸಿನಕಾಯಿಯ ಮಾತು ನನ್ನದೇ ಎನ್ನುವುದು ಆಗ ನನಗೆ ಹೆಮ್ಮೆಯೆನಿಸಿತ್ತು.

ಬಣ್ಣ ಹೋದ ಸುದ್ದಿ ಯಾರ್ಡಿಗೆ ಮುಟ್ಟಿತು. ಅಲ್ಲಿದ್ದವರೂ ಬ್ಯಾಡಗಿಯವರೇ ತಾನೆ, ಅವರಿಗೂ ಅದು ಸರಿಯೆನಿಸಿತು. ಒಂದು ದಿನ ಬುಟ್ಟಿಗಳು ಎದ್ದವು. "ಬರ್ರವಾ, ನಿಮ್ಮ ಜಾಗಾ ಹಂಗ ಐತಿ" ಎಂದರು. ಅವ್ವ ಅಂದು ಸಂಜೆ ಮನೆಗೆ ಬಂದವಳು ಅಡುಗೆ ಮಾಡುತ್ತ ಹಾಡಿದಳು. ಅವ್ವ ಹಾಡಬಲ್ಲಳು ಎಂದು ನನಗೆ ಗೊತ್ತಾದದ್ದೇ ಅವತ್ತು.

ಅಕ್ಕನ ಮುಂದೆ ಮಾತ್ರ ಇಬ್ಬರೂ ಗುಳಿಗೆಯನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅವಳು ಓಣಿ ತಿರುಗಿದ ಮೇಲೆ ಅವು ಗಟಾರಕ್ಕೆ. ಅವ್ವ ಒಗೆಯುವುದನ್ನು ನಾನು ನೋಡಿದೆ. "ಬಾಯಿ ಬಿಟ್ಟಿ ಅಂದ್ರ ಹಲ್ಲ ಉದರಸ್ತೇನಿ" ಎಂದಳು, ಅಷ್ಟೇ. ಮಾಬವ್ವ ಒಗೆಯುವುದನ್ನೂ ನೋಡಿದೆ. ಅವಳು ಬೆದರಿಸಲಿಲ್ಲ. ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಶಕ್ಕೂ, ಯಾರಿಗೂ ಹೇಳಂಗಿಲ್ಲ. ನನ್ನ ಮ್ಯಾಲೆ ಆಣಿ ಮಾಡು."

ಅವಳ ತಲೆಯ ಮೇಲೆ ಕೈಯಿಟ್ಟೆ. ಎಣ್ಣೆ ಹಚ್ಚಿದ ನುಣುಪು ಕೂದಲು. ಗುಳಿಗೆಯ ಖಾಲಿ ಡಬ್ಬಿಯನ್ನು ಬಳೆಚೂರು ಇಟ್ಟುಕೋ ಎಂದು ನನಗೇ ಕೊಟ್ಟಳು.

ಮಳೆ ಹಿಡಿಯಿತು. ಯಾರ್ಡಿನಲ್ಲಿ ಕೆಲಸ ಇಳಿಯಿತು. ಮಾಬವ್ವನ ತವರು ರಾಣೇಬೆನ್ನೂರು. ತಾಯಿಗೆ ಆರಾಮಿಲ್ಲ ಎಂದು ಹೊರಟಳು. ಸುಮಿತ್ರಕ್ಕ ಎರಡು ತಿಂಗಳ ಗುಳಿಗೆಯನ್ನು ಒಟ್ಟಿಗೇ ಕಟ್ಟಿಕೊಟ್ಟಳು. ಹೋಗುವ ಮುಂಜಾನೆ ಅವೂ ಗಟಾರ ಸೇರಿದವು. ಬಸ್ಸಿನ ಕಿಟಕಿಯಿಂದ ಮಾಬವ್ವ ನನಗೆ ಕಣ್ಣು ಮಿಟುಕಿಸಿದಳು. ನಾನೂ ಮಿಟುಕಿಸಿದೆ.

ಅದಾಗಿ ಎರಡೇ ದಿನಕ್ಕೆ ಅವ್ವನ ಕೈಯಲ್ಲಿ ಏಟು ತಿಂದೆ. ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿ, ಮಳೆ ಬಂದರೆ ತೆಗಿ ಎಂದು ಹೇಳಿ ಹೋಗಿದ್ದಳು. ನಾನು ಕುಂಟಲಿಪಿ ಆಡುತ್ತಿದ್ದೆ. ಹಪ್ಪಳವೆಲ್ಲ ಹಿಟ್ಟಾಗಿತ್ತು. ಅವ್ವ ಕಸಬರಿಗೆಯ ಹಿಡಿಯಿಂದ ಹೊಡೆದಳು, ಓಣಿಯ ಹುಡುಗಿಯರ ಮುಂದೆಯೇ ಹೊಡೆದಳು. ಬಿಡಿಸಿಕೊಳ್ಳಲು ಪಕ್ಕದ ಮನೆಯಲ್ಲಿ ಮಾಬವ್ವನೂ ಇರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಇವಳಿಗೆ ಮಾಡ್ತೇನಿ ತಡಿ ಎಂದುಕೊಂಡು ಮಳೆಯಲ್ಲೇ ಗೋದಾಮಿಗೆ ಓಡಿದೆ.

"ಅಕ್ಕಾ, ನಮ್ಮವ್ವ ಗುಳಗಿ ನುಂಗಂಗಿಲ್ಲ! ಎಲ್ಲಾ ಗಟಾರಕ್ಕ ಒಗಿತಾಳ! ಬಣ್ಣ ಹೋದಾಗಿಂದ ಒಗ್ಯಾಕತ್ತಾಳ!"

ಸುಮಿತ್ರಕ್ಕ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. ಟವೆಲ್ಲಿನಿಂದ ನನ್ನ ತಲೆ ಒರೆಸುತ್ತ ಕೇಳಿದಳು.

"ಮತ್ತ ಮಾಬವ್ವ? ಅವರರ ತಗೊಂತಾರ ಹೌದಿಲ್ಲ? ಖರೇ ಹೇಳವಾ."

ಮಾಬವ್ವನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದೆ; ಮುರಿದರೆ ಅವಳಿಗೇ ಕೇಡು ಎಂದು ನಂಬಿದ್ದ ವಯಸ್ಸು.

"ಹೂಂ ಅಕ್ಕಾ. ಅಕಿ ತಗೊಂತಾಳ. ಊರಿಗೂ ಒಯ್ದಾಳ."

ಸುಮಿತ್ರಕ್ಕ ಉಸಿರು ಬಿಟ್ಟಳು. "ಅಷ್ಟರ ಆತಲ್ಲ" ಎಂದಳು. ನಾನು ಹೂಂ ಅನ್ನದೇ ಇದ್ದಿದ್ದರೆ ಅವಳು ಅವತ್ತೇ ರಾಣೇಬೆನ್ನೂರಿನ ಬಸ್ಸು ಹತ್ತುತ್ತಿದ್ದಳು. ಅವಳು ಅಂಥವಳೇ.

ಮರುದಿನದಿಂದ ಸುಮಿತ್ರಕ್ಕ ದಿನಾ ಮುಂಜಾನೆ ನಮ್ಮ ಮನೆಗೆ ಬಂದಳು. ಅವ್ವ ಬೈದಳು, ಅತ್ತಳು, ಬಾಗಿಲು ಹಾಕಿಕೊಂಡಳು. ಅಕ್ಕ ಕಟ್ಟೆಯ ಮೇಲೆ ನೆನೆಯುತ್ತ ಕೂತಳು. "ನುಂಗ್ರಿ ಗಂಗವ್ವಾ. ನಾ ನೋಡಬೇಕು. ನುಂಗೂತನಾ ನಾ ಏಳಂಗಿಲ್ಲ." ಮೂರನೆಯ ದಿನ ಅಪ್ಪನೇ ಒಳಗಿನಿಂದ ಗದರಿದ, ಅವ್ವ ನುಂಗಿದಳು. ತಪ್ಪಿಸಿದ ದಿನಗಳಿಗೆಂದು ಡಾಕ್ಟರು ಇನ್ನಷ್ಟು ತಿಂಗಳು ಕೂಡಿಸಿದರು. ಅವ್ವ ಎಂಟು ದಿನ ನನ್ನ ಜೊತೆ ಮಾತು ಬಿಟ್ಟಳು. ರೊಟ್ಟಿಯನ್ನು ನೆಲಕ್ಕೆ ಕುಕ್ಕಿ ಹೋಗುತ್ತಿದ್ದಳು. ಮಾಬವ್ವನಾದರೂ ಇದ್ದಿದ್ದರೆ ಎಂದು ಮೂಲೆಯಲ್ಲಿ ಕೂತು ಅಳುತ್ತಿದ್ದೆ.

ಮಾಬವ್ವ ಮೊಹರಮ್ಮಿಗೂ ಬರಲಿಲ್ಲ. ಅವಳು ಮಾಡುತ್ತಿದ್ದ ಸಿಹಿರೊಟ್ಟಿ ಚೊಂಗೆಯ ಬೆಲ್ಲದ ವಾಸನೆ ಆ ವರ್ಷ ಗೋಡೆ ದಾಟಿ ಬರಲಿಲ್ಲ. ಅಕ್ಕ ಕೇಳಿದಾಗಲೆಲ್ಲ ಇಮಾಮಸಾಬ್ ಕಾಕಾ "ಆರಾಮ ಅದಾಳ್ರಿ, ತಾಯಿ ಸೇವಾ ಮಾಡಾಕತ್ತಾಳ" ಎನ್ನುತ್ತಿದ್ದ. ದೀಪಾವಳಿ ಹತ್ತಿರವಿದ್ದಾಗ ಅವನೇ ಹೋಗಿ ಕರೆತಂದ. ಬಸ್‌ಸ್ಟ್ಯಾಂಡಿನಿಂದ ಎತ್ತಿಕೊಂಡೇ ಬಂದ, ಚೀಲ ಹೊರುವ ಹೆಗಲಿನ ಮೇಲೆ. ನಾನು ಕಟ್ಟೆಯ ಮೇಲಿದ್ದೆ. ಯಾರನ್ನೋ ಮುದುಕಿಯನ್ನು ತರುತ್ತಿದ್ದಾನೆ ಎಂದುಕೊಂಡೆ. ಅವಳು "ಶಕ್ಕೂ" ಎಂದಾಗಲೇ ಗೊತ್ತಾದದ್ದು.

ಸುಮಿತ್ರಕ್ಕ ಓಡಿ ಬಂದಳು. ಮಾಬವ್ವನ ಹಾಸಿಗೆಯ ಪಕ್ಕ ಕೂತು ಕೈ ಹಿಡಿದುಕೊಂಡಳು.

"ಎರಡ ತಿಂಗಳ ಗುಳಗಿ ಕೊಟ್ಟಿದ್ನಲ್ಲ ಮಾಬವ್ವಾ, ಎಲ್ಲಿ ಹೋದೂವು?"

ಮಾಬವ್ವ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ಉಸಿರಾಡಲು ಕಷ್ಟಪಡುತ್ತ ಹೇಳಿದಳು.

"ಬಸ್ಸಿನ್ಯಾಗ ಕಳದೂವ್ರಿ ಅಕ್ಕಾರ. ಗಂಟ ಮರತೆ. ನಿಮಗ ಹೇಳಾಕ ನಾಚಿಕಿ ಬಂತು."

ಅಕ್ಕ ನನ್ನ ಕಡೆ ತಿರುಗಿದಳು. ಏನೂ ಕೇಳಲಿಲ್ಲ. ಇವತ್ತಿನವರೆಗೂ ನನಗೆ ಅದೇ ಸಂಕಟ, ಅವಳು ಕೇಳಬೇಕಿತ್ತು. ಸಂಸ್ಥೆಯ ಜೀಪಿನಲ್ಲಿ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ದರು. ಮತ್ತೆ ಅವೇ ಗುಳಿಗೆ, ಮೇಲೆ ದಿನಕ್ಕೊಂದು ಇಂಜೆಕ್ಷನ್. ತಡವಾಗಿತ್ತು. ಹೊಸ ಮೆಣಸಿನಕಾಯಿಯ ಮೊದಲ ಚೀಲಗಳು ಯಾರ್ಡಿಗೆ ಬರುವ ಮೊದಲೇ ಮಾಬವ್ವ ಹೋದಳು. ಸಾಲಿನ ಹೆಂಗಸರೆಲ್ಲ ಬಂದು ಎದೆ ಬಡಿದುಕೊಂಡು ಅತ್ತರು. ಆ ಸುಗ್ಗಿಯಲ್ಲಿ ಸುಮಿತ್ರಕ್ಕ ಡಬ್ಬಿ ಹಿಡಿದು ಹೋದರೆ ಯಾರೂ ನಗಲಿಲ್ಲ. ಅಮಾಸಿ ಬಂದರೆ ಹೆಂಗಸರೇ ಕಿವಿಗೊಟ್ಟು ಕೇಳಿ, ಇಂಥವರ ಮನೆಯಲ್ಲಿ ಕೆಮ್ಮು ಐತಿ ಎಂದು ಅವಳಿಗೆ ಹೇಳಿ ಕಳಿಸುತ್ತಿದ್ದರು. ಎಷ್ಟು ಜನ ಉಳಿದರೋ ನಾನು ಎಣಿಸಿಲ್ಲ. ನಮ್ಮವ್ವ ಉಳಿದಳು.

ನಾಲ್ಕೈದು ವರ್ಷ ಇದ್ದು ಸಂಸ್ಥೆಯವರು ಬೇರೆ ಊರಿಗೆ ಹೋದರು. ಸುಮಿತ್ರಕ್ಕ ಹೊರಟ ದಿನ ಓಣಿಯೆಲ್ಲ ಸ್ಟೇಷನ್ನಿಗೆ ಹೋಗಿತ್ತು, ನಾನೊಬ್ಬಳು ಮನೆಯಲ್ಲೇ ಉಳಿದೆ, ಮುಖ ತೋರಿಸಲಾರದೆ. ಈಗ ಗುಳಿಗೆ ನುಂಗಿಸುವ ಕೆಲಸವನ್ನು ಸರ್ಕಾರದವರೇ ಮಾಡುತ್ತಾರೆ. ಗೋದಾಮಿದ್ದ ಜಾಗದಲ್ಲಿ ಕೋಲ್ಡ್ ಸ್ಟೋರೇಜಿನ ಗೋಡೆ ಎದ್ದಿದೆ. ಓಣಿಯ ಕಟ್ಟೆಗಳನ್ನು ರಸ್ತೆಗೆಂದು ಒಡೆದರು. ಬಾಗಿಲುಗಳೆಲ್ಲ ಹಾಕಿರುತ್ತವೆ, ಯಾರ ಮನೆಯಲ್ಲಿ ಯಾರು ಕೆಮ್ಮಿದರು ಎಂದು ಕೇಳಿಸುವ ಹಾಗೂ ಇಲ್ಲ.

ಅವ್ವನಿಗೆ ನಾನು ನಿಜ ಹೇಳಿದ್ದು ನನ್ನ ಮಗಳು ಹುಟ್ಟಿದಾಗ. ಬಾಣಂತನಕ್ಕೆ ಬಂದಿದ್ದೆ. ಕೂಸಿಗೆ ಎರೆಯುತ್ತಿದ್ದ ಅವ್ವನ ಎದುರು ಕೂತು, ಮಳೆಯಲ್ಲಿ ಓಡಿದ್ದು, ಅಕ್ಕ ಕೇಳಿದ್ದು, ನಾನು ಹೂಂ ಅಂದದ್ದು ಎಲ್ಲ ಹೇಳಿ ಅತ್ತೆ. ಅವ್ವ ಕೂಸಿನ ಮೈ ಒರೆಸಿ, ಲೋಬಾನದ ಹೊಗೆ ಹಿಡಿದು, ತೊಟ್ಟಿಲಿಗೆ ಹಾಕಿದಳು.

"ನನಗ ಗೊತ್ತೈತಿ" ಎಂದಳು. "ಹುಬ್ಬಳ್ಳ್ಯಾಗ ನೋಡಾಕ ಹೋದಾಗ ಮಾಬೂ ಹೇಳಿದ್ಲು."

"ಏನಂತ?"

"ಹುಡುಗಿ ಮಾತ ಉಳಿಸಿಕೊಂಡ್ಲು ಗಂಗವ್ವಾ, ಅಕಿನ್ನ ಬೈಬ್ಯಾಡ ಅಂತ."

ಅವ್ವ ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ಆ ಮಳೆಯ ದಿನ ನಾನು ಮಾತು ಮುರಿದಿದ್ದರೆ ಮಾಬವ್ವ ಸಿಟ್ಟಾಗುತ್ತಿದ್ದಳು, ಅವ್ವನ ಹಾಗೆ ಮಾತು ಬಿಡುತ್ತಿದ್ದಳು. ಎಂಟು ದಿನವಲ್ಲ, ಎಂಟು ವರ್ಷ ಬೇಕಾದರೂ ಬಿಡಲಿ. ಸಿಟ್ಟು ಮಾಡಿಕೊಂಡಾದರೂ ಇರುತ್ತಿದ್ದಳು.